ಹೃದಯ ಮತ್ತು ಅದರ ಪದರಗಳು

ಮುಷ್ಟಿಯಷ್ಟು ಗಾತ್ರದ, ಸುಮಾರು 300 ಗ್ರಾಂ ತೂಕದ ಹೃದಯವು ದಿನಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಸಲ ಮಿಡಿಯುತ್ತದೆ. ಅದು ಎದೆಯ ಎಡಭಾಗದಲ್ಲಿದೆಯೆಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ವಾಸ್ತವವಾಗಿ ಅದರ ಸ್ಥಾನ ಎದೆಮೂಳೆಯ ಹಿಂದೆ, ಎರಡು ಶ್ವಾಸಕೋಶಗಳ ನಡುವೆ. ತುದಿ ಮಾತ್ರ ಎಡಕ್ಕೆ ವಾಲಿದೆ.

ಹೃದಯವನ್ನು ಸುತ್ತಿರುವ ಚೀಲಕ್ಕೆ ಹೃದಯಾವರಣವೆಂದು ಹೆಸರು. ಇದರ ಹೊರಪದರ ಗಟ್ಟಿಯಾದ ನಾರಿನದು. ಕೆಳಗೆ ವಪೆಗೆ ಅಂಟಿಕೊಂಡು ಹೃದಯವನ್ನು ಸ್ವಸ್ಥಾನದಲ್ಲಿ ನಿಲ್ಲಿಸುತ್ತದೆ. ಒಳಗಿನ ತೆಳುಪದರವು ಎರಡು ಮಡಿಕೆಗಳಾಗಿದ್ದು, ಅವುಗಳ ನಡುವೆ 15ರಿಂದ 50 ಮಿಲಿಲೀಟರಿನಷ್ಟು ದ್ರವವಿರುತ್ತದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆಯಿದ್ದಂತೆ ಈ ದ್ರವವು ಮಿಡಿತದ ಘರ್ಷಣೆಯನ್ನು ತಡೆಯುತ್ತದೆ. ಇದು ಹಠಾತ್ತನೆ ಹೆಚ್ಚಿದರೆ ಹೃದಯವು ಒತ್ತಡಕ್ಕೆ ಸಿಲುಕಿ, ರಕ್ತ ತುಂಬಿಕೊಳ್ಳಲಾರದೆ ಹೋಗುತ್ತದೆ.

ಹೃದಯದ ಗೋಡೆಯಲ್ಲಿಯೂ ಮೂರು ಪದರಗಳಿವೆ. ಹೊರಗಿನದು ಹೃದಯಾವರಣದ ಒಳಮಡಿಕೆಯೇ. ನಡುವಿನದು ದಣಿವರಿಯದೆ ದುಡಿಯುವ ಹೃದಯಸ್ನಾಯು. ಒಳಗಿನದು ಕೋಣೆಗಳಿಗೂ ಕವಾಟಗಳಿಗೂ ಹೊದಿಸಿದ ನುಣುಪಾದ ಪೊರೆ.

ಹೃದಯದೊಳಗೆ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು ರಕ್ತವನ್ನು ಬರಮಾಡಿಕೊಳ್ಳುತ್ತವೆ. ಕೆಳಗಿನ ಎರಡು ಹೃತ್ಕುಕ್ಷಿಗಳು ಹೊರದೂಡುತ್ತವೆ. ಬಲಕುಕ್ಷಿ ಸಮೀಪದ ಶ್ವಾಸಕೋಶಗಳಿಗೆ ಮಾತ್ರ ರಕ್ತವನ್ನು ಕಳುಹಿಸಿದರೆ, ಎಡಕುಕ್ಷಿ ಸರ್ವಾಂಗಕ್ಕೂ ಕಳುಹಿಸಬೇಕು. ಆದುದರಿಂದ ಎಡಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ.

ಇಲ್ಲಿ ಮುಖ್ಯವಾದ ಒಂದು ಸಂಗತಿಯನ್ನು ನಾವು ಗಮನಿಸಬೇಕು. ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತ ತನ್ನೊಳಗೆ ಹರಿದರೂ ಹೃದಯಸ್ನಾಯುವಿಗೆ ಅದರಿಂದ ನೇರವಾಗಿ ಪೋಷಣೆ ದೊರೆಯುವುದು ಅತ್ಯಲ್ಪ. ಮಹಾಪಧಮನಿಯ ಬುಡದಲ್ಲಿ ಕವಲೊಡೆದು, ಹೃದಯದ ಮೇಲ್ಮೈಯಲ್ಲಿ ಹಬ್ಬಿರುವ ಎರಡು ಕರೋನರಿ ಅಪಧಮನಿಗಳೇ ಅದಕ್ಕೆ ಆಧಾರ. ಕೆರೆ ತುಂಬಿದ್ದರೂ ಕಾಲುವೆ ಕಟ್ಟಿದರೆ ಗದ್ದೆ ಒಣಗುವಂತೆ, ಈ ನಾಳ ಮುಚ್ಚಿದರೆ ಅದನ್ನು ನಂಬಿದ ಸ್ನಾಯು ಅರ್ಧ ಗಂಟೆಯ ಆಸುಪಾಸಿನಲ್ಲಿಯೇ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಹೀಗಿರುವಾಗ, ನೋವು ಎಡಗಡೆ ಇಲ್ಲವೆಂದೋ, ಬರಿಯ ವಾಯುವೆಂದೋ ಕಷಾಯ ಕುಡಿದು ಬೆಳಗಿನವರೆಗೆ ಕಾಯುವುದು ಅಪಾಯಕರ. ಎದೆಯ ನಡುವೆ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರುಕಟ್ಟುವಿಕೆ ಕಂಡರೆ ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ತೆರಳಬೇಕು. ಮಧುಮೇಹಿಗಳಲ್ಲಿ ಹಾಗೂ ಸ್ತ್ರೀಯರಲ್ಲಿ ನೋವು ಅಲ್ಪವಾಗಿರಬಹುದು, ಇಲ್ಲದೆಯೂ ಇರಬಹುದು. ಬರಿಯ ಆಯಾಸ, ಏದುಸಿರುಗಳನ್ನೂ ಕಡೆಗಣಿಸಲಾಗದು. ಮನೆಯ ಹಿರಿಯರು ಸಂಕೋಚದಿಂದ ಹೇಳದಿದ್ದರೂ ನಾವೇ ವಿಚಾರಿಸಿ ತಿಳಿಯೋಣ.