ಪಂಚಾಮೃತದ ಜೇನು: ಕೂಸಿಗೆ ಯಾವಾಗ?

ಅಭಿಷೇಕ ಮುಗಿದು ಪಂಚಾಮೃತ ಕೈಗೆ ಬಂದಾಗ ನಾವೆಲ್ಲ ಭಕ್ತಿಯಿಂದ ಸ್ವೀಕರಿಸುತ್ತೇವೆ. ಕಂಕುಳಲ್ಲಿರುವ ಕೂಸಿನ ತುಟಿಗೂ ಒಂದು ಹನಿ ಸವರುವುದು ನಮ್ಮಲ್ಲಿ ಅನೇಕರ ರೂಢಿ. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ ಎಂಬ ಐದರಲ್ಲಿ ಜೇನುತುಪ್ಪದ ವಿಷಯವನ್ನು ಈ ಸಂಚಿಕೆಯಲ್ಲಿ ತಿಳಿದುಕೊಳ್ಳೋಣ.

ಇಲ್ಲಿ ಅಮೆರಿಕದ ಅಂಗಡಿಗಳಲ್ಲಿ 'ರಾ ಹನಿ' ಎಂದರೆ ಹೆಚ್ಚು ಬಿಸಿ ಮಾಡದ ಜೇನುತುಪ್ಪ. ಇದಕ್ಕೆ ಜೇನುಗೂಡಿನ ಬೇರೆ ಪದಾರ್ಥಗಳನ್ನು ಬೆರೆಸಿದ ಬಾಟಲಿಗಳೂ ಸಿಗುತ್ತವೆ. ಅವು ಹೀಗಿವೆ:

ಪರಾಗ: ಹೂವಿನ ಪುಡಿ. ಜೇನುಹುಳುಗಳು ಇದನ್ನು ಕಾಲಿಗೆ ಅಂಟಿಸಿಕೊಂಡು ಗೂಡಿಗೆ ತರುತ್ತವೆ.

ಪ್ರೊಪೊಲಿಸ್: ಮರದ ಮೊಗ್ಗು, ತೊಗಟೆಗಳಿಂದ ತಂದ ಅಂಟು. ಗೂಡಿನ ಬಿರುಕು ಮುಚ್ಚಲು ಬಳಸುತ್ತವೆ.

ರಾಯಲ್ ಜೆಲ್ಲಿ: ಕೆಲಸಗಾರ ಹುಳುಗಳ ಗ್ರಂಥಿಗಳಿಂದ ಬರುವ ಆಹಾರ. ಎಲ್ಲ ಮರಿಗಳಿಗೂ ಮೊದಲ ಕೆಲವು ದಿನ ಸಿಗುತ್ತದೆ. ರಾಣಿಗೆ ಮಾತ್ರ ಜೀವನಪೂರ್ತಿ.

ಪ್ರಕೃತಿಯಿಂದ ಬಂದದ್ದೆಂದ ಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ಒಗ್ಗುವುದಿಲ್ಲ. ವಸಂತ ಬಂದೊಡನೆ ಸೀನುತ್ತಾ ಕಣ್ಣು ಉಜ್ಜಿಕೊಳ್ಳುವವರಿಗೆ ಪರಾಗದಿಂದ ತೀವ್ರ ಅಲರ್ಜಿ ಆಗಬಹುದು. ಆಸ್ತಮಾ ಇರುವವರಿಗೆ ರಾಯಲ್ ಜೆಲ್ಲಿ ಅಪಾಯಕಾರಿ ಆಗಬಹುದು. ಸಕ್ಕರೆ ಕಾಯಿಲೆ ಇರುವವರು ಜೇನುತುಪ್ಪವನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕೂಸುಗಳ ವಿಷಯ. ಮಣ್ಣಿನಲ್ಲಿರುವ ಬಾಟ್ಯುಲಿನಮ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕೆಲವೊಮ್ಮೆ ಜೇನುತುಪ್ಪದಲ್ಲಿ ಇರುತ್ತವೆ. ನಮ್ಮ ಹೊಟ್ಟೆಯಲ್ಲಿ ಅವು ಬೆಳೆಯಲಾರವು. ವರ್ಷ ತುಂಬದ ಕೂಸಿನ ಕರುಳು ಇನ್ನೂ ಎಳೆಯದು. ಅಲ್ಲಿ ಅವು ಮೊಳೆತು ವಿಷ ಉಂಟುಮಾಡಬಹುದು. ಈ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದು 1976ರಲ್ಲಿ. ಅಂಗಡಿಯಲ್ಲಿ ಬಿಸಿ ಮಾಡಿ ಮಾರುವ ಜೇನುತುಪ್ಪದಲ್ಲೂ ಈ ಕಣಗಳು ಉಳಿಯುತ್ತವೆ. ಆದ್ದರಿಂದ 12 ತಿಂಗಳು ತುಂಬುವವರೆಗೆ ಕೂಸಿಗೆ ಒಂದು ಹನಿಯೂ ಬೇಡ.

"ನಿಮಗೆಲ್ಲ ಜೇನುತುಪ್ಪ ನೆಕ್ಕಿಸಿಯೇ ಬೆಳೆಸಿದ್ದೇವಲ್ಲ!" ಎಂದು ಊರಿನಿಂದ ಬಂದ ಅಜ್ಜಿ ಕೇಳುವುದು ಸಹಜ. ಅವರ ಮಾತು ಸುಳ್ಳಲ್ಲ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ಯಾವ ಬಾಟಲಿಯಲ್ಲಿ ಆ ಕಣಗಳಿವೆ ಎಂದು ನೋಡಿ ಹೇಳುವ ಉಪಾಯ ನಮ್ಮಲ್ಲಿಲ್ಲ. ಅಜ್ಜಿಗೆ ಇದನ್ನು ಪ್ರೀತಿಯಿಂದ ತಿಳಿಸಿದರೆ ಅವರೇ ಮೊಮ್ಮಗುವನ್ನು ಕಾಯುತ್ತಾರೆ.

ಹಾಗಾದರೆ ಸಂಸ್ಕಾರಗಳನ್ನು ಬಿಡಬೇಕೆ? ಬೇಕಿಲ್ಲ. ಜಾತಕರ್ಮದಲ್ಲಿ ಜೇನು-ತುಪ್ಪ ನೆಕ್ಕಿಸುವ ಕ್ರಮವಿದ್ದರೆ ಪುರೋಹಿತರಿಗೆ ಮೊದಲೇ ತಿಳಿಸಿ. ಜೇನುತುಪ್ಪವನ್ನು ದೇವರಿಗೆ ಅರ್ಪಿಸಿ, ಪ್ರಸಾದವನ್ನು ತಂದೆತಾಯಿ ಸ್ವೀಕರಿಸಲಿ. ಹಾಲೂಡಿಸುವ ತಾಯಿ ಜೇನುತುಪ್ಪ ತಿಂದರೆ ಮಗುವಿಗೆ ತೊಂದರೆಯಿಲ್ಲ. ಅನ್ನಪ್ರಾಶನದ ಪಾಯಸಕ್ಕೂ ಜೇನುತುಪ್ಪ ಹಾಕಬೇಡಿ. ದೇವಸ್ಥಾನದಲ್ಲಿ ಕೂಸಿನ ತಲೆಗೆ ಮಂತ್ರಾಕ್ಷತೆಯ ಆಶೀರ್ವಾದ ಸಾಕು.

ನೆನಪಿಡಿ: ಮಗುವಿಗೆ ಮಲಬದ್ಧತೆ, ಕ್ಷೀಣವಾದ ಅಳು, ಹಾಲು ಚೀಪಲು ಶಕ್ತಿ ಇಲ್ಲದಿರುವುದು, ಕತ್ತು ಜೋಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಜೇನುತುಪ್ಪ ಕೊಟ್ಟಿದ್ದರೆ ಸಂಕೋಚವಿಲ್ಲದೆ ಹೇಳಿ. ಇದಕ್ಕೆ ಚಿಕಿತ್ಸೆ ಇದೆ.

ಮೊದಲ ಹುಟ್ಟುಹಬ್ಬ ಕಳೆದ ಮೇಲೆ ಮಗುವನ್ನು ದೇವಸ್ಥಾನಕ್ಕೆ ಕರೆತನ್ನಿ. ಅಂದಿನ ಪಂಚಾಮೃತವನ್ನು ಅಜ್ಜಿಯ ಕೈಯಿಂದಲೇ ಕೊಡಿಸೋಣ.