ಬೀಜ ಬೆರಕೆಯಾಗದಿರಲು ಹೂವಿಗೊಂದು ದಾರ

ಹೋದ ವರ್ಷ ಚಪ್ಪರದ ತುಂಬ ಉದ್ದ ಸೋರೆ. ಚೆಂದದ ಕಾಯೊಂದನ್ನು ಬಲಿಯಲು ಬಿಟ್ಟು ಬೀಜ ಎತ್ತಿಟ್ಟಿರಿ. ಈ ವರ್ಷ ಅದೇ ಬೀಜದ ಬಳ್ಳಿಯಲ್ಲಿ ಗುಂಡು ಕಾಯಿ! ಪಕ್ಕದ ಹಿತ್ತಲಿನ ಗುಂಡು ಸೋರೆಯ ಪರಾಗವನ್ನು ಹುಳು-ಪತಂಗಗಳು ಹೊತ್ತು ತಂದಿದ್ದವು. ಬೆರಕೆಯಾದ ವರ್ಷ ಕಾಯಿ ತಾಯಿಬಳ್ಳಿಯಂತೆಯೇ ಇರುತ್ತದೆ. ಬದಲಾಗುವುದು ಒಳಗಿನ ಬೀಜ. ಹಾಗಾಗಿ ಕಾವಲು ಹೂ ಬಿಡುವಾಗಲೇ ಬೇಕು.

ಪ್ರಮಾಣಿತ ಬೀಜ ಬೆಳೆಯುವವರು ಸೋರೆ, ಹೀರೆಯಂಥ ಬಳ್ಳಿಗಳಿಗೆ 500 ಮೀಟರ್ ಅಂತರ ಬಿಡಬೇಕು. ತನ್ನ ಪರಾಗದಲ್ಲೇ ಕಾಯಿ ಕಟ್ಟುವ ಟೊಮೆಟೊಗೆ 25 ಮೀಟರ್ ಸಾಕು. ಮೂವತ್ತು-ನಲವತ್ತರ ಸೈಟಿನಲ್ಲಿ ಅರ್ಧ ಕಿಲೋಮೀಟರ್ ಎಲ್ಲಿಂದ ತರುವುದು? ದಾರ ಹಿಡಿಯಿರಿ.

ಮೊದಲು ಯಾವುದು ಯಾವುದರ ಜತೆ ಬೆರೆಯುತ್ತದೆಂದು ತಿಳಿದರೆ ಅರ್ಧ ಕೆಲಸ ಉಳಿಯುತ್ತದೆ. ಸೋರೆ, ಹಾಗಲ, ಪಡವಲ ಒಂದೇ ಚಪ್ಪರದಲ್ಲಿದ್ದರೂ ಬೆರೆಯವು. ಬೂದುಗುಂಬಳಕ್ಕೂ ಚೀನಿಕಾಯಿಗೂ ಸಂಬಂಧ ಕೂಡದು. ಹೀರೆ ಮತ್ತು ತುಪ್ಪದ ಹೀರೆ ಮಾತ್ರ ಕೂಡಿಬಿಡುತ್ತವೆ. ಮಂಗಳೂರು ಸೌತೆ ಹೆಸರಿಗಷ್ಟೇ ಸೌತೆ, ಅದು ಬೆರೆಯುವುದು ಕರಬೂಜದ ಜತೆ.

ಚೀನಿಕಾಯಿಯಿಂದ ಶುರುಮಾಡಿ, ಹೂ ದೊಡ್ಡದು, ಕೈಗೆ ಸುಲಭ. ಬುಡದಲ್ಲಿ ಪುಟ್ಟ ಹೀಚಿರುವುದು ಹೆಣ್ಣು ಹೂ. ಸಂಜೆ, ತುದಿ ಹಳದಿಗೆ ತಿರುಗಿದ ಮೊಗ್ಗುಗಳನ್ನು ಹುಡುಕಿ. ಒಂದು ಹೆಣ್ಣು, ಎರಡು ಗಂಡು ಮೊಗ್ಗುಗಳ ತುದಿಗೆ ದಾರ ಸುತ್ತಿ. ಗಂಡು ಮೊಗ್ಗು ಅದೇ ತಳಿಯ ಬೇರೆ ಬಳ್ಳಿಯದಾದರೆ ಒಳ್ಳೆಯದು. ಬೆಳಗ್ಗೆ ಬೇಗ ಗಂಡು ಹೂ ಕಿತ್ತು, ದಳ ಬಿಡಿಸಿ, ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ತಕ್ಷಣ ಹೂವನ್ನು ಮತ್ತೆ ಕಟ್ಟಿ. ತೊಟ್ಟಿಗೆ ಬಣ್ಣದ ದಾರದ ಗುರುತು ಹಾಕಿ, ಅಡುಗೆಮನೆಗೂ ಹೇಳಿಡಿ. ಮೊದಲ ಸಲ ನಾನು ಹೇಳದೆ ಬಿಟ್ಟು, ಬೀಜದ ಕಾಯಿ ಸಾಂಬಾರಿಗೆ ಹೋಯಿತು.

ಸೋರೆ, ಹೀರೆ ಸಂಜೆ ಅರಳುತ್ತವೆ. ಮಧ್ಯಾಹ್ನವೇ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಹಾಕಿ, ಮುಸ್ಸಂಜೆಗೆ ಪರಾಗ ಸವರಿ. ಕಹಿ ಸೋರೆಯೊಂದಿಗೆ ಬೆರೆತ ಬೀಜದಿಂದ ಕಹಿ ಕಾಯಿ ಬರಬಹುದು. ಅದು ಬರೀ ರುಚಿಯ ಮಾತಲ್ಲ, ವಿಷ. ಕಹಿ ತಾಗಿದರೆ ಉಗುಳಿ, ಇಡೀ ಕಾಯಿ ಎಸೆಯಿರಿ.

ಬದನೆ, ಮೆಣಸಿನಕಾಯಿಗೆ ಇಷ್ಟು ಗಡಿಬಿಡಿ ಬೇಡ. ಮೊಗ್ಗಿರುವಾಗಲೇ ರೆಂಬೆಗೆ ಚೀಲ ಕಟ್ಟಿ, ಹೂ ಅರಳಿದಾಗ ಅಲುಗಾಡಿಸಿ. ಹೀಚು ಕಂಡ ಮೇಲೆ ಚೀಲ ತೆಗೆದು ಗುರುತಿನ ದಾರ ಕಟ್ಟಿದರಾಯಿತು.

ಚೀನಿಕಾಯಿಯ ತೊಟ್ಟು ಒಣಗಿದ ಮೇಲೆ ಕೊಯ್ದು, ಮೂರು ವಾರ ಹಾಗೇ ಇಟ್ಟು ಬೀಜ ತೆಗೆಯಿರಿ. ತೊಳೆದು, ನೆರಳಲ್ಲಿ ಒಣಗಿಸಿ, ಡಬ್ಬಿಯ ಮೇಲೆ ತಳಿ, ವರ್ಷ ಬರೆದಿಡಿ.