ಕೀಲಿ ಹಾಕದ ಕಪಾಟು

ತಂಗೀ,

ಗ್ರಂಥಾಲಯದಲ್ಲಿ ನಡೆಯುವ ಮಕ್ಕಳ ಕಥೆ ಬರೆಯಬೇಕು, ಎಲ್ಲಿಂದ ಹಿಡಿಯಲಿ ಎಂದು ಕೇಳಿದ್ದೀ. ರಾತ್ರಿ ಪುಸ್ತಕಗಳೆಲ್ಲ ಎದ್ದು ಮಾತಾಡುವುದು, ಹಳೆಯ ಗ್ರಂಥದೊಳಗಿಂದ ರಾಜಕುಮಾರಿ ಇಳಿದು ಬರುವುದು, ಇವನ್ನೆಲ್ಲ ಸದ್ಯ ಬದಿಗಿಡು. ನಮ್ಮ ಎಷ್ಟೋ ಹುಡುಗರಿಗೆ ಗ್ರಂಥಾಲಯದ ಹೊಸ್ತಿಲು ದಾಟುವುದೇ ಇನ್ನೂ ಪವಾಡ. ಶಾಲೆಯಲ್ಲಿ ಪುಸ್ತಕ ಇದ್ದರೂ ಕಪಾಟಿಗೆ ಕೀಲಿ. ಹರಿದರೆ ಯಾರು ಲೆಕ್ಕ ಕೊಡಬೇಕು ಎಂಬ ಅಂಜಿಕೆ ಮಾಸ್ತರರದು. ಅದೂ ಸುಳ್ಳಲ್ಲ ಬಿಡು.

ಈ ಕೀಲಿ ತೆಗೆಸಲು ಜನ್ಮ ಸವೆಸಿದವರು ಎಸ್.ಆರ್. ರಂಗನಾಥನ್. ಗಣಿತ ಕಲಿಸುತ್ತಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಆ ಕೆಲಸ ಎಷ್ಟು ಬೇಸರ ತಂದಿತೆಂದರೆ, ನನ್ನನ್ನು ಪಾಠಕ್ಕೇ ಮರಳಿ ಕಳಿಸಿ ಎಂದು ಪಟ್ಟು ಹಿಡಿದರಂತೆ. ಲಂಡನ್ನಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ಕಂಡು ಬಂದ ಮೇಲೆ ಮನಸ್ಸು ತಿರುಗಿತು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಬಳಕೆಗೆ ಎಂಬುದು. ಒಂದು ಕಾಲಕ್ಕೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಬಿಗಿಯುತ್ತಿದ್ದರು. ನಮ್ಮ ಕಪಾಟಿನ ಕೀಲಿ ಆ ಸರಪಳಿಯ ಮೊಮ್ಮಗ!

ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವೆಂದು ನೂರಕ್ಕೆ 6 ರೂಪಾಯಿ ಸೇರಿಸಿ ಕಟ್ಟಿಸಿಕೊಳ್ಳುತ್ತಾರೆ. ನಮ್ಮ ಬೆಳಗಾವಿಯ ಖಾಸಬಾಗದ ಮಗ್ಗದ ಮನೆಗಳವರೂ ಕಟ್ಟಿದ ದುಡ್ಡು ಅದು. ಆದ್ದರಿಂದ ನಿನ್ನ ಕಥೆಯ ಹುಡುಗಿ ಗ್ರಂಥಾಲಯದ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು ಬೇಡ, ಸೀದಾ ಒಳಗೆ ನಡೆಯಲಿ.

ಅವಳನ್ನು ರವಿವಾರದ ಸಂತೆಯಿಂದಲೇ ಕರೆದು ತಾ. ಸಂತೆಯಲ್ಲಿ ಒಂದು ಬದನೆಕಾಯಿ ಮುಟ್ಟಿದರೂ "ಎಷ್ಟು ಹಾಕ್ಲಿ?" ಎನ್ನುತ್ತಾರೆ. ಗ್ರಂಥಾಲಯದಲ್ಲಿ ಹತ್ತು ಪುಸ್ತಕ ತಿರುವಿ, ಒಂದನ್ನೂ ಒಯ್ಯದೆ ಎದ್ದು ಬರಬಹುದು. ಈ ಸಡಿಲು ಅವಳಿಗೆ ಮೊದಲ ದಿನ ನಂಬಿಕೆಯಾಗದು. ಕಥೆ ಇರುವುದು ಅಲ್ಲೇ.

ಗ್ರಂಥಪಾಲಕರನ್ನು ಗದರಿಸುವ ಕನ್ನಡಕದವರನ್ನಾಗಿ ಮಾಡಬೇಡ, ಆ ಪಾತ್ರ ಹಳಸಿದೆ. ರೋಆಲ್ಡ್ ಡಾಲ್‌ರ 'ಮಟಿಲ್ಡಾ' (1988) ಸಿಕ್ಕರೆ ಓದು. ಅದರ ಗ್ರಂಥಪಾಲಕಿ ಮಿಸೆಸ್ ಫೆಲ್ಪ್ಸ್ ಪುಟ್ಟ ಹುಡುಗಿಯ ಮನೆಯ ಸಂಗತಿ ಕೆದಕುವುದಿಲ್ಲ, ಪುಸ್ತಕ ತೋರಿಸಿ ಸುಮ್ಮನಾಗುತ್ತಾಳೆ. ಮಕ್ಕಳಿಗೆ ಬೇಕಾದ ದೊಡ್ಡವರು ಇಂಥವರೇ ಎಂದು ನನ್ನ ಅಭಿಪ್ರಾಯ.

ನಮ್ಮ ಊರಿನ ಮಾತನ್ನೂ ಬಿಡಬೇಡ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುವ ಹುಡುಗಿಗೆ ಎರಡೂ ಭಾಷೆಯ ಕಪಾಟು ತನ್ನವೇ. ಬೆಳಗಾವಿಯ ಸಾರ್ವಜನಿಕ ವಾಚನಾಲಯ 1848ರಷ್ಟು ಹಳೆಯದು. ಓದುವ ಚಟ ಈ ಊರಿಗೆ ಹೊಸದೇನಲ್ಲ.

ಪೇಟೆಯ ಕಥೆ ಬೇಡವೆನಿಸಿದರೆ ಖಾನಾಪುರದ ಕಡೆಯ ಹಳ್ಳಿಯೊಂದನ್ನು ಆರಿಸಿಕೊ. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆ. ಮಳೆಗಾಲದಲ್ಲಿ ಪುಸ್ತಕ ನೆನೆಯದಂತೆ ಮನೆಗೆ ಒಯ್ಯುವುದೇ ಒಂದು ಸಾಹಸ ಕಥೆಯಾದೀತು.

ಬರೆದಾದ ಮೇಲೆ ನನಗೆ ಕಳಿಸುವ ಅವಸರ ಬೇಡ. ತಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ಅವನು ಆಕಳಿಸಿದ ಕಡೆ ಪೆನ್ಸಿಲ್ ಗೆರೆ ಎಳೆದು, ಅಷ್ಟನ್ನು ತಿದ್ದಿ ಕಳಿಸು.

ನಿನ್ನ ಕಾಕಾ
ಖಾಸಬಾಗ, ಬೆಳಗಾವಿ